ಕುಡಿತ ಬಿಟ್ಟವರ ಕೂಟ

ಪಾವಗಡದ ಶನಿಮಹಾತ್ಮನ ಗುಡಿಯ ಮುಂದೆ ನಿಂತು ಇನ್ನು ಮುಂದೆ ಕುಡಿಯುವುದಿಲ್ಲವೆಂದು ಆಣೆ ಮಾಡಿದವರು ನಮ್ಮ ಕಡೆ ಪ್ರತಿ ಮನೆತನದಲ್ಲೂ ಒಬ್ಬಿಬ್ಬರಾದರೂ ಸಿಗುತ್ತಾರೆ. ಅಯ್ಯಪ್ಪನ ಮಾಲೆ ಹಾಕಿಕೊಂಡು ನಲವತ್ತೆಂಟು ದಿನ ಮುಟ್ಟದೆ ಇದ್ದವರು ಇನ್ನೂ ಹೆಚ್ಚು. ನನ್ನ ಸೋದರಮಾವನೂ ಹೀಗೆ ಒಂದು ಸಲ ಆಣೆ ಮಾಡಿದ. ಎರಡು ತಿಂಗಳು ನಿಷ್ಠೆಯಿಂದಲೇ ನಡೆದುಕೊಂಡ. ಮಧುಗಿರಿಯಲ್ಲಿ ದಂಡಿನ ಮಾರಮ್ಮನ ಜಾತ್ರೆ ಬಂತು; ಜಾತ್ರೆಗೆ ಹೋದವನು ಮೂರು ದಿನ ಮನೆಗೆ ಬರಲಿಲ್ಲ. ಎಷ್ಟೋ ವರ್ಷಗಳ ಮೇಲೆ, ಆರೋಗ್ಯ ಕೆಟ್ಟು ಮಂಚ ಹಿಡಿದಿದ್ದಾಗ, ಆ ಎರಡು ತಿಂಗಳ ಬಗ್ಗೆ ಕೇಳಿದೆ. 'ಬಿಟ್ಟ ಮೇಲೆ ಮಾತಾಡೋಕೆ ಯಾರೂ ಇರ್ಲಿಲ್ಲ ಕಣಪ್ಪ. ಕುಡಿಯೋರು ಕರೀತಿದ್ರು, ಕುಡೀದೋರು ನಂಬ್ತಿರ್ಲಿಲ್ಲ' ಎಂದ.

ಇದು ಅವನೊಬ್ಬನ ಕಷ್ಟವಾಗಿರಲಿಲ್ಲ. ಕುಡಿತವನ್ನು ಬಿಡಿಸಲು ಮನುಷ್ಯ ಹೂಡಿರುವ ಉಪಾಯಗಳ ಚರಿತ್ರೆಯನ್ನು ನೋಡಿದರೆ, ಆಣೆ, ಭಾಷೆ, ಶಿಕ್ಷೆ, ಕಾನೂನು ಇವೆಲ್ಲ ಬಹಳ ಹಳೆಯವು. ಬಿಟ್ಟವನಿಗೆ ಬಿಟ್ಟವನೇ ಜೊತೆಗಾರನಾಗುವ, ವಾರಕ್ಕೊಮ್ಮೆ ಸೇರಿ ಕುಳಿತು ಮಾತನಾಡುವ ಏರ್ಪಾಟು ಮಾತ್ರ ತೀರ ಈಚಿನದು. ಅದು ಹುಟ್ಟಿದ್ದು ಹೇಗೆ, ನಮ್ಮ ನಾಡಿಗೆ ಯಾವ ದಾರಿಯಲ್ಲಿ ಬಂತು, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಂಥ ಬಯಲುಸೀಮೆಯ ತಾಲ್ಲೂಕುಗಳಿಗೆ ಅದು ಎಷ್ಟರಮಟ್ಟಿಗೆ ತಲುಪಿದೆ ಎಂಬುದು ಈ ವಾರದ ವಿಚಾರ.

ಮೊದಲು ನಮ್ಮ ಊರಿನ ಮಾತು. ಈ ನಾಲ್ಕು ತಾಲ್ಲೂಕುಗಳ ಹಳೆಯ ಮದ್ಯ ಈಚಲು ಮರದ್ದು. ಹಳ್ಳದ ದಂಡೆ, ಕೆರೆಯ ಹಿಂದಿನ ತಗ್ಗುಗಳಲ್ಲಿ ತಾನಾಗಿ ಬೆಳೆಯುವ ಈಚಲಿನಿಂದ ಇಳಿಸಿದ ಹೆಂಡ ಬಡವನ ಪಾನೀಯವೂ ಹೌದು, ಸರ್ಕಾರದ ಆದಾಯವೂ ಹೌದು. ಹೆಂಡ ಮಾರುವವನನ್ನು ನಮ್ಮ ಸಮಾಜ ಸದಾ ಹೊರಗಿಟ್ಟೇ ನೋಡಿತೆಂದು ಹೇಳುವಂತಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಒಬ್ಬ. ತನ್ನ ಕಸುಬಿನ ಮಾತುಗಳಲ್ಲೇ ಅನುಭಾವವನ್ನು ಹೇಳಿದ ವಚನಕಾರ. ಜಿ.ಪಿ. ರಾಜರತ್ನಂ 1930ರ ದಶಕದಲ್ಲಿ ಹೆಂಡಗುಡುಕ ರತ್ನನನ್ನು ಸೃಷ್ಟಿಸಿದಾಗ, ಕುಡುಕನೊಬ್ಬನ ಬಾಯಿಂದ ಬದುಕಿನ ಮಾತು ಕೇಳಲು ಕನ್ನಡಿಗರು ಸಂತೋಷದಿಂದಲೇ ಕಿವಿಗೊಟ್ಟರು. ಪದ್ಯದಲ್ಲಿ ಕುಡುಕನ ಮಾತಿಗೆ ಸಿಕ್ಕ ಈ ಮನ್ನಣೆ ಮನೆಯಲ್ಲಿ ಸಿಗಲಿಲ್ಲ ಎಂಬುದು ಬೇರೆ ವಿಷಯ.

ಕಾನೂನಿನ ಪ್ರಯತ್ನಗಳಿಗೂ ಇಲ್ಲಿ ಕೊರತೆಯಿಲ್ಲ. 1780ರ ದಶಕದಲ್ಲೇ ಟಿಪ್ಪು ಸುಲ್ತಾನ ಪಾನನಿರೋಧಕ್ಕೆ ಕೈಹಾಕಿದ್ದ. 1939ರಲ್ಲಿ, ಶಿರಾದ ನೆರೆಯ ಚಿತ್ರದುರ್ಗ ಸೀಮೆಯ ತುರುವನೂರಿನಲ್ಲಿ, ಸತ್ಯಾಗ್ರಹಿಗಳು ಕೊಡಲಿ ಹಿಡಿದು ಈಚಲು ಮರಗಳನ್ನು ಉರುಳಿಸಿದರು. ಉಪ್ಪಿನ ಸಮುದ್ರವಿಲ್ಲದ ನಾಡಿನಲ್ಲಿ ಈಚಲು ವನವೇ ಸತ್ಯಾಗ್ರಹದ ಕಣವಾಯಿತು. ಸ್ವಾತಂತ್ರ್ಯ ಬಂದ ಮೇಲೆ 1948ರಿಂದ ಹಳೆಯ ಮೈಸೂರು ಸಂಸ್ಥಾನದಲ್ಲಿ ಪಾನನಿರೋಧ ಜಾರಿಗೆ ಬಂತು. 1967ರಲ್ಲಿ ಅದನ್ನು ಹಿಂತೆಗೆದುಕೊಂಡಾಗ ಮುಖ್ಯಮಂತ್ರಿಯಾಗಿದ್ದವರು ಅದೇ ಚಿತ್ರದುರ್ಗದ ಗಾಂಧೀವಾದಿ ಎಸ್. ನಿಜಲಿಂಗಪ್ಪನವರು. ಖಜಾನೆಯ ಒತ್ತಡ ಎಂಥವರನ್ನೂ ಬಗ್ಗಿಸುತ್ತದೆ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷ ಬೆರೆತ ಸಾರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2004ರಲ್ಲಿ ಬಯಲುಸೀಮೆಯಲ್ಲಿ ಶೇಂದಿ ನಿಂತಿತು. 2007ರ ಜುಲೈ 1ರಿಂದ ಪ್ಯಾಕೆಟ್ ಸಾರಾಯಿಯೂ ನಿಂತಿತು. ಜಾಗ ಖಾಲಿ ಉಳಿಯಲಿಲ್ಲ. ಅಗ್ಗದ ವಿಸ್ಕಿ, ರಮ್ಮುಗಳ ಸಣ್ಣ ಪೊಟ್ಟಣಗಳು ಪೆಟ್ಟಿಗೆ ಅಂಗಡಿಗಳವರೆಗೂ ಬಂದು ಕುಳಿತವು.

ಈ ಎಲ್ಲ ಪ್ರಯತ್ನಗಳೂ ಮದ್ಯವನ್ನು ಹಿಡಿಯಲು ಹೊರಟವು. ಕುಡಿಯುವವನನ್ನು ಹಿಡಿದು ನಿಲ್ಲಿಸುವ ಉಪಾಯ ಹೊಳೆದದ್ದು ಬಹು ದೂರದ ಒಂದು ಊರಿನಲ್ಲಿ, ಅದೂ ಅರ್ಧ ಆಕಸ್ಮಿಕವಾಗಿ.

1935ರ ಮೇ ತಿಂಗಳು. ಅಮೆರಿಕದ ಒಹಾಯೊ ರಾಜ್ಯದ ಆಕ್ರನ್, ರಬ್ಬರ್ ಟೈರುಗಳ ಕಾರ್ಖಾನೆಗಳಿಗೆ ಹೆಸರಾದ ನಗರ. ನ್ಯೂಯಾರ್ಕಿನ ಷೇರುಪೇಟೆಯ ವ್ಯವಹಾರಸ್ಥ ಬಿಲ್ ವಿಲ್ಸನ್ ಒಂದು ಕಂಪನಿಯ ಹಿಡಿತಕ್ಕಾಗಿ ನಡೆದ ಜಗಳದಲ್ಲಿ ಪಾಲುಗೊಳ್ಳಲು ಅಲ್ಲಿಗೆ ಹೋಗಿದ್ದ. ಕೆಲಸ ಕೆಟ್ಟಿತು. ಜೇಬು ಬರಿದಾಗಿತ್ತು. ಮೇಫ್ಲವರ್ ಎಂಬ ಹೋಟೆಲಿನ ಪಡಸಾಲೆಯಲ್ಲಿ ಒಬ್ಬನೇ ಅಡ್ಡಾಡುತ್ತಿದ್ದ. ಒಂದು ಕಡೆ ಬಾರಿನ ನಗು, ಗದ್ದಲ. ಇನ್ನೊಂದು ಕಡೆ ಟೆಲಿಫೋನು, ಅದರ ಪಕ್ಕ ಊರಿನ ಚರ್ಚುಗಳ ಪಟ್ಟಿ. ಅವನು ಕುಡಿತ ಬಿಟ್ಟು ಇನ್ನೂ ಐದು ತಿಂಗಳಾಗಿತ್ತು. ಆ ಐದು ತಿಂಗಳಲ್ಲಿ ಎಷ್ಟೋ ಕುಡುಕರಿಗೆ ಬುದ್ಧಿ ಹೇಳಿದ್ದ, ಒಬ್ಬನೂ ಬಿಟ್ಟಿರಲಿಲ್ಲ. ಆದರೆ ಹೇಳುತ್ತಾ ಹೋದ ತಾನು ಮಾತ್ರ ಕುಡಿಯದೆ ಉಳಿದಿದ್ದೇನೆ ಎಂಬುದು ಅವನ ಅನುಭವಕ್ಕೆ ಬಂದಿತ್ತು. ಹೀಗಾಗಿ ಆ ಸಂಜೆ ಅವನಿಗೆ ಬೇಕಾಗಿದ್ದದ್ದು ಉಪದೇಶಕನಲ್ಲ, ಇನ್ನೊಬ್ಬ ಕುಡುಕ. ಚರ್ಚುಗಳಿಗೆ ಒಂದಾದ ಮೇಲೊಂದು ಫೋನು ಮಾಡಿದ. ಕೊನೆಗೆ ಒಬ್ಬ ಗೃಹಿಣಿಯ ಮೂಲಕ ಡಾಕ್ಟರ್ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯನ ಪರಿಚಯವಾಯಿತು. ಐವತ್ತೈದರ ಆ ವೈದ್ಯನಿಗೆ ಕುಡಿತದಿಂದಾಗಿ ಕೈ ನಡುಗುತ್ತಿತ್ತು, ವೃತ್ತಿ ಮುಳುಗುವ ಹಂತದಲ್ಲಿತ್ತು. ಹೆಂಡತಿಯ ಒತ್ತಾಯಕ್ಕೆ ಹದಿನೈದು ನಿಮಿಷ ಮಾತ್ರ ಕೂರುತ್ತೇನೆಂದು ಬಂದವನು ಆರು ಗಂಟೆಗೂ ಹೆಚ್ಚು ಹೊತ್ತು ಕುಳಿತ. ಬಿಲ್ ಅವನಿಗೆ ಏನನ್ನೂ ಬೋಧಿಸಲಿಲ್ಲ. ತನ್ನ ಕಥೆಯನ್ನಷ್ಟೇ ಹೇಳಿಕೊಂಡ. ವೈದ್ಯಶಾಸ್ತ್ರವನ್ನು ಓದಿದ್ದ, ಧರ್ಮಗ್ರಂಥಗಳನ್ನೂ ಓದಿದ್ದ ಆ ಮನುಷ್ಯನಿಗೆ, ತನ್ನ ಅವಸ್ಥೆಯನ್ನು ಒಳಗಿನಿಂದ ಬಲ್ಲವನೊಬ್ಬ ಎದುರಿಗೆ ಕುಳಿತು ಮಾತನಾಡಿದ್ದು ಅದೇ ಮೊದಲು.

ಬಾಬ್ ಒಂದೇ ಏಟಿಗೆ ಬಿಡಲಿಲ್ಲ. ಕೆಲವೇ ವಾರಗಳಲ್ಲಿ ವೈದ್ಯರ ಸಮ್ಮೇಳನಕ್ಕೆಂದು ಹೋದವನು ಮತ್ತೆ ಕುಡಿದು ಬಂದ. ಜೂನ್ 10ರ ಬೆಳಿಗ್ಗೆ ಒಂದು ಶಸ್ತ್ರಚಿಕಿತ್ಸೆ ಮಾಡಬೇಕಿತ್ತು. ಕೈ ನಡುಕ ನಿಲ್ಲಲೆಂದು ಬಿಲ್ ತಾನೇ ಅವನಿಗೆ ಒಂದು ಬಿಯರ್ ಕೊಟ್ಟ. ಅದು ಬಾಬ್‌ನ ಕೊನೆಯ ಕುಡಿತ. ಆ ದಿನವನ್ನೇ 'ಆಲ್ಕೊಹಾಲಿಕ್ಸ್ ಅನಾನಿಮಸ್', ಅಂದರೆ ಅನಾಮಿಕ ಮದ್ಯವ್ಯಸನಿಗಳ ಕೂಟದ ಹುಟ್ಟಿದ ದಿನವೆಂದು ಲೆಕ್ಕ ಹಾಕುತ್ತಾರೆ. ಕೂಟದ ಮೊದಲ ಪಾಠ ಈ ಘಟನೆಯಲ್ಲೇ ಇದೆ: ಒಂದು ಸಲ ಜಾರಿದವನನ್ನು ಬಾಗಿಲಿನಿಂದ ಆಚೆ ಹಾಕುವುದಿಲ್ಲ. ನಮ್ಮ ಆಣೆಯ ಪದ್ಧತಿಯಲ್ಲಿ ಇದಕ್ಕೆ ಜಾಗವಿಲ್ಲ. ಆಣೆ ಮುರಿದವನು ದೇವರಿಗೂ ತಪ್ಪಿದವನು, ಊರಿಗೂ ತಪ್ಪಿದವನು. ಆ ಅವಮಾನವನ್ನು ಮರೆಯಲು ಅವನಿಗೆ ಗೊತ್ತಿರುವ ಮದ್ದು ಒಂದೇ.

ಇಂಥ ಕೂಟ ಅಮೆರಿಕದಲ್ಲಿ ಇದೇ ಮೊದಲಲ್ಲ. 1840ರಲ್ಲಿ ಬಾಲ್ಟಿಮೋರ್ ನಗರದ ಒಂದು ಹೆಂಡದಂಗಡಿಯಲ್ಲೇ ಕುಳಿತಿದ್ದ ಆರು ಮಂದಿ ಗೆಳೆಯರು ಇನ್ನು ಕುಡಿಯುವುದಿಲ್ಲವೆಂದು ಪ್ರತಿಜ್ಞೆ ಮಾಡಿ, ಜಾರ್ಜ್ ವಾಷಿಂಗ್ಟನ್ನನ ಹೆಸರಿನಲ್ಲಿ ಸಂಘ ಕಟ್ಟಿದ್ದರು. ಕೆಲವೇ ವರ್ಷಗಳಲ್ಲಿ ಅದರ ಪ್ರತಿಜ್ಞಾಪತ್ರಕ್ಕೆ ಲಕ್ಷಗಟ್ಟಲೆ ಜನ ಸಹಿ ಹಾಕಿದರು. ಆಮೇಲೆ ರಾಜಕಾರಣಿಗಳು ಒಳಗೆ ಬಂದರು, ಪಾನನಿರೋಧ ಕಾನೂನು ಬೇಕೆ ಬೇಡವೇ ಎಂಬ ಜಗಳ ಶುರುವಾಯಿತು, ಭಾಷಣಕಾರರು ಪ್ರಸಿದ್ಧರಾದರು, ಸಂಘ ಒಡೆದು ಹೋಯಿತು. 1939ರಲ್ಲಿ ತಮ್ಮ ಅನುಭವವನ್ನು ಪುಸ್ತಕವಾಗಿ ಅಚ್ಚು ಹಾಕಿ, ಹನ್ನೆರಡು ಮೆಟ್ಟಿಲುಗಳ ದಾರಿಯನ್ನು ಬರೆದಿಟ್ಟ ಬಿಲ್ ಮತ್ತು ಸಂಗಡಿಗರು ಈ ಹಳೆಯ ಕಥೆಯಿಂದ ಕಲಿತರು. ಹೆಸರು ಹೇಳಿಕೊಳ್ಳಬಾರದು, ಹೊರಗಿನವರಿಂದ ಹಣ ಪಡೆಯಬಾರದು, ಆಸ್ತಿ ಮಾಡಬಾರದು, ಸರ್ಕಾರದ ಮದ್ಯನೀತಿಯ ಬಗ್ಗೆ ಸಂಘದ ಹೆಸರಿನಲ್ಲಿ ಒಂದು ಮಾತೂ ಆಡಬಾರದು. 1950ರಲ್ಲಿ ಇವೆಲ್ಲ ಹನ್ನೆರಡು ಸಂಪ್ರದಾಯಗಳಾಗಿ ಅಂಗೀಕೃತವಾದವು. ಮರುವರ್ಷವೇ ವ್ಯಸನಿಗಳ ಮನೆಯವರಿಗಾಗಿ 'ಆಲ್ ಅನಾನ್' ಎಂಬ ಪ್ರತ್ಯೇಕ ಕೂಟ ಏರ್ಪಟ್ಟಿತು. ಅದರ ಹಿಂದೆ ಇದ್ದವಳು ಬಿಲ್‌ನ ಹೆಂಡತಿ ಲೋಯಿಸ್.

ಭಾರತಕ್ಕೆ ಈ ಕೂಟ ಬಂದದ್ದು 1957ರಲ್ಲಿ, ಮುಂಬಯಿಯ ಮೂಲಕ. ಮುಂದೆ ಬೆಂಗಳೂರಿನಲ್ಲೂ ನೆಲೆಯೂರಿತು. ಕೆಲವು ವರ್ಷಗಳ ಹಿಂದೆ ಅಲ್ಲಿಯ ಒಂದು ಮುಕ್ತ ಸಭೆಗೆ ನಾನು ಹೋಗಿದ್ದೆ. ಮುಕ್ತ ಸಭೆಯೆಂದರೆ ವ್ಯಸನಿಯಲ್ಲದವರೂ ಕುಳಿತು ಕೇಳಬಹುದಾದದ್ದು. ಉಳಿದವು ಅವರವರಿಗೇ ಮೀಸಲು. ಸಂಜೆಯ ಹೊತ್ತು, ಒಂದು ಶಾಲೆಯ ಕೊಠಡಿ, ಕಪ್ಪುಹಲಗೆಯ ಮೇಲೆ ಮಕ್ಕಳ ಭಿನ್ನರಾಶಿಯ ಲೆಕ್ಕ ಹಾಗೇ ಉಳಿದಿತ್ತು. ಮಕ್ಕಳ ಬೆಂಚಿನಲ್ಲಿ ಮಂಡಿ ಮಡಚಲಾಗದೆ ಕುಳಿತ ಇಪ್ಪತ್ತು ಮಂದಿ. ಮೊದಲು ಒಂದು ನಿಮಿಷ ಮೌನ, ಆಮೇಲೆ ಪುಟ್ಟ ಪ್ರಾರ್ಥನೆ. ಬಳಿಕ ಒಬ್ಬೊಬ್ಬರೇ ಎದ್ದು ಹೆಸರಿನ ಮೊದಲ ಭಾಗವನ್ನಷ್ಟೇ ಹೇಳಿ, 'ನಾನೊಬ್ಬ ಮದ್ಯವ್ಯಸನಿ' ಎಂದು ಮಾತು ಶುರುಮಾಡಿದರು. ಹದಿನೆಂಟು ವರ್ಷದಿಂದ ಮುಟ್ಟದವರೂ ಹಾಗೆಯೇ ಹೇಳುತ್ತಾರೆ, 'ಆಗಿದ್ದೆ' ಎನ್ನುವುದಿಲ್ಲ. ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡ ಬರುವಂತಿಲ್ಲ, ಸಲಹೆ ಕೊಡುವಂತಿಲ್ಲ. ಆಟೋ ಓಡಿಸುವವರೊಬ್ಬರು ಮಗಳ ಫೀಸಿನ ಹಣ ಕುಡಿದ ದಿನವನ್ನು ಹೇಳಿದಾಗ ನಿವೃತ್ತ ಅಧಿಕಾರಿಯೊಬ್ಬರು ತಲೆ ತಗ್ಗಿಸಿದ್ದನ್ನು ನೋಡಿದೆ. 'ಇವತ್ತಿಗೆ ನಾಲ್ಕನೇ ದಿನ' ಎಂದ ಹುಡುಗನಿಗೆ ಬಿದ್ದ ಚಪ್ಪಾಳೆ ಹದಿನೆಂಟು ವರ್ಷದವರಿಗೂ ಬೀಳಲಿಲ್ಲ. ಕೊನೆಗೆ ಒಂದು ಚೀಲ ಕೈಯಿಂದ ಕೈಗೆ ಹೋಯಿತು. ಬಾಡಿಗೆಗೆ, ಟೀಗೆ ಆದಷ್ಟು ಹಾಕಬಹುದು, ಹಾಕದಿದ್ದರೂ ಕೇಳುವವರಿಲ್ಲ. ಶುಲ್ಕವಿಲ್ಲ, ಹಾಜರಿ ಪುಸ್ತಕವಿಲ್ಲ. ನಮ್ಮ ಯಾವ ಸಂಘದ ಸಭೆಯೂ ಅಧ್ಯಕ್ಷರ ಭಾಷಣವಿಲ್ಲದೆ ಮುಗಿದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಹೊಸಬನಿಗೆ ಹಳಬನೊಬ್ಬ ಜೊತೆಗಾರನಾಗಿ ನಿಲ್ಲುತ್ತಾನೆ. ರಾತ್ರಿ ಹತ್ತು ಗಂಟೆಗೆ ಕುಡಿಯಬೇಕೆಂಬ ಸೆಳೆತ ಬಂದರೆ ಹೊಸಬ ಫೋನು ಮಾಡುವುದು ಅವನಿಗೆ. ಜೀವಮಾನವಿಡೀ ಕುಡಿಯುವುದಿಲ್ಲ ಎಂಬ ಭಾಷೆಯನ್ನು ಯಾರೂ ಕೇಳುವುದಿಲ್ಲ. ಇವತ್ತು ಒಂದು ದಿನ ಕುಡಿಯದಿದ್ದರೆ ಸಾಕು. ನಾಳೆಯದು ನಾಳೆಗೆ.

ಆದರೆ ಇದು ನಗರದ ಮಾತು. ಪಾವಗಡದಿಂದ ಬೆಂಗಳೂರು ನೂರೈವತ್ತು ಕಿಲೋಮೀಟರಿಗೂ ದೂರ. ರಾಯಚರ್ಲಿನಂಥ ಹಳ್ಳಿಯ ಕೂಲಿಯವನು ವಾರಕ್ಕೊಮ್ಮೆ ಬಸ್ಸು ಹಿಡಿದು ಸಭೆಗೆ ಹೋಗಿ ಬರಲಾರ. ಹೋದರೂ ಭಾಷೆಯ ತೊಡಕು: ಮೂರು ಕಡೆ ಆಂಧ್ರದ ನೆಲವಿರುವ ಪಾವಗಡದಲ್ಲಿ ಎಷ್ಟೋ ಮನೆಗಳ ಒಳಮಾತು ತೆಲುಗು. ತನ್ನ ನಾಚಿಕೆಯ ಕಥೆಯನ್ನು ಮನುಷ್ಯ ಹೇಳಿಕೊಳ್ಳುವುದು ಅವ್ವನ ಹತ್ತಿರ ಆಡಿದ ಮಾತಿನಲ್ಲಿ. ಇನ್ನು ಅನಾಮಿಕತೆ. ನಗರದಲ್ಲಿ ಅದು ಸುಲಭ; ಮುನ್ನೂರು ಮನೆಯ ಊರಿನಲ್ಲಿ ಯಾರು ಎಷ್ಟು ಕುಡಿದು ಯಾವ ಕಟ್ಟೆಯ ಮೇಲೆ ಬಿದ್ದಿದ್ದರೆಂಬುದು ಮಕ್ಕಳಿಗೂ ಗೊತ್ತು.

ಈ ತೊಡಕನ್ನೇ ತಿರುಗಿಸಿ ಬಲವಾಗಿ ಮಾಡಿಕೊಂಡದ್ದು ಹಳ್ಳಿಯ ಶಿಬಿರ. ಚೆನ್ನೈಯಲ್ಲಿ ಗಂಡನನ್ನು ಕುಡಿತದಿಂದಾಗಿ ಕಳೆದುಕೊಂಡ ಶಾಂತಿ ರಂಗನಾಥನ್ 1980ರಲ್ಲಿ ಅವರ ಹೆಸರಿನಲ್ಲೇ ಚಿಕಿತ್ಸಾ ಸಂಸ್ಥೆ ಕಟ್ಟಿದರು. ಆಸ್ಪತ್ರೆಗೆ ಬರಲಾಗದವರ ಬಳಿಗೆ ಆಸ್ಪತ್ರೆಯೇ ಹೋಗಲೆಂದು 1989ರಲ್ಲಿ ಕಾವೇರಿ ಬಯಲಿನ ಮಂಜಕ್ಕುಡಿ ಎಂಬ ಹಳ್ಳಿಯಲ್ಲಿ ಶಿಬಿರ ನಡೆಸಿದರು. ಊರಿನವರದೇ ಜಾಗ, ಊರಿನವರದೇ ಊಟ. ಹೆಂಡತಿಯರೂ ಬಂದು ಕುಳಿತರು. ಅದೇ ಹೊತ್ತಿಗೆ ಕರ್ನಾಟಕದಲ್ಲಿ ಬೇರೊಂದು ಬೇರಿನಿಂದ ಇಂಥದೇ ಗಿಡ ಚಿಗುರಿತು. 1982ರಲ್ಲಿ ಶುರುವಾಗಿದ್ದ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು, ರೈತನ ಕೈಗೆ ಬಂದ ಹಣ ಸಾರಾಯಿ ಅಂಗಡಿಗೆ ಹೋಗುವುದನ್ನು ಕಂಡು, 1990ರ ದಶಕದಲ್ಲಿ ಜನಜಾಗೃತಿ ವೇದಿಕೆಯ ಮೂಲಕ ಮದ್ಯವರ್ಜನ ಶಿಬಿರಗಳನ್ನು ಹಮ್ಮಿಕೊಂಡರು. ಎಂಟು ದಿನ, ಊರಿನ ಕಲ್ಯಾಣಮಂಟಪದಲ್ಲೋ ದೇವಸ್ಥಾನದ ಸಭಾಂಗಣದಲ್ಲೋ ವಾಸ. ವೈದ್ಯರ ತಪಾಸಣೆ, ಯೋಗ, ಭಜನೆ, ಮಾತುಕತೆ. ಇಂಥ ಶಿಬಿರಗಳ ಸಂಖ್ಯೆ ಸಾವಿರವನ್ನು ದಾಟಿದೆ. ನಮ್ಮ ತುಮಕೂರು ಜಿಲ್ಲೆಗೂ ಯೋಜನೆ ಹಬ್ಬಿದೆ. ಶಿಬಿರ ಮುಗಿಸಿದವರು ಊರಿನಲ್ಲಿ 'ನವಜೀವನ ಸಮಿತಿ'ಯಾಗಿ ಆಗಾಗ ಸೇರುತ್ತಾರೆ.

ನನ್ನ ಮಟ್ಟಿಗೆ ಶಿಬಿರಕ್ಕಿಂತ ಈ ಸಮಿತಿಯೇ ಮುಖ್ಯ. ಎಂಟನೆಯ ದಿನದ ಸಮಾರೋಪಕ್ಕೆ ಶಾಸಕರು ಬರುತ್ತಾರೆ, ಹಾರ ಹಾಕುತ್ತಾರೆ, ಫೋಟೊ ತೆಗೆಯುತ್ತಾರೆ. ಐವತ್ತನೆಯ ದಿನಕ್ಕೆ ಯಾರೂ ಬರುವುದಿಲ್ಲ, ಸಮಿತಿಯವರನ್ನು ಬಿಟ್ಟರೆ. ಸಮಿತಿ ಚುರುಕಾಗಿದ್ದ ಊರಿನಲ್ಲಿ ಬಿಟ್ಟವರು ಉಳಿದುಕೊಳ್ಳುತ್ತಾರೆ. ಸಭೆ ನಿಂತ ಊರಿನಲ್ಲಿ ಹಾರ ಹಾಕಿಸಿಕೊಂಡವನೇ ಮತ್ತೆ ಕಟ್ಟೆಗೆ ಬರುತ್ತಾನೆ. ಇಳಕಲ್ಲಿನ ಮಹಾಂತ ಸ್ವಾಮಿಗಳು 1970ರ ದಶಕದಲ್ಲಿ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ, 'ನಿಮ್ಮ ದುಶ್ಚಟವನ್ನು ಭಿಕ್ಷೆ ಹಾಕಿ' ಎಂದು ಬೇಡಿದ್ದನ್ನು ಉತ್ತರ ಕರ್ನಾಟಕದವರು ಇಂದಿಗೂ ನೆನೆಯುತ್ತಾರೆ. ಅವರ ಜನ್ಮದಿನವಾದ ಆಗಸ್ಟ್ 1 ರಾಜ್ಯದಲ್ಲಿ ವ್ಯಸನಮುಕ್ತ ದಿನ. ಜೋಳಿಗೆಯ ಕಲ್ಪನೆ ಎಷ್ಟು ಸುಂದರವೆಂದರೆ ಟೀಕಿಸಲು ಮನಸ್ಸು ಬರುವುದಿಲ್ಲ. ಆದರೂ ಜೋಳಿಗೆಗೆ ಹಾಕಿದ ಚಟ ರಾತ್ರೋರಾತ್ರಿ ಹಿಂದಿರುಗಿ ಬಂದಾಗ ಬಾಗಿಲು ತೆರೆಯದಂತೆ ಕಾಯುವವರು ಪಕ್ಕದಲ್ಲಿ ಇರಬೇಕಲ್ಲ.

ಹೆಂಗಸರ ಹೋರಾಟದ್ದು ಇನ್ನೊಂದು ಧಾರೆ. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ, ಅಕ್ಷರ ಕಲಿಯಲು ಬಂದ ಮಹಿಳೆಯರು ಸಾರಾಯಿ ಅಂಗಡಿಯನ್ನೇ ಮುಚ್ಚಿಸಿದರು. ಆ ಕಿಚ್ಚು ಹಬ್ಬಿ 1993ರಲ್ಲಿ ಆಂಧ್ರದಲ್ಲಿ ಸಾರಾಯಿ ನಿಷೇಧವಾಯಿತು. 1995ರಲ್ಲಿ ಬಂದ ಪೂರ್ಣ ಪಾನನಿರೋಧ 1997ರಲ್ಲಿ ಸಡಿಲಿತು. ಅದೇ 1992ರಲ್ಲಿ ನಮ್ಮಲ್ಲಿ ರಾಜಕುಮಾರರ 'ಜೀವನ ಚೈತ್ರ' ತೆರೆಗೆ ಬಂತು. ಸಾರಾಯಿಯ ವಿರುದ್ಧದ ಆ ಕಥೆಯನ್ನು ಟೆಂಟಿನಲ್ಲಿ ನೋಡಿ ಬಂದವರು ಊರಿನ ಅಂಗಡಿಯ ಮುಂದೆ ನಿಂತು ಜಗಳ ತೆಗೆದದ್ದುಂಟು. 2019ರ ಜನವರಿಯಲ್ಲಿ ಸಾವಿರಾರು ಮಹಿಳೆಯರು ಮದ್ಯನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೊರಟರು. ಹೆದ್ದಾರಿಯಲ್ಲಿ ಶಿರಾವನ್ನು ಹಾದು, ಜನವರಿ 30ರ ಹೊತ್ತಿಗೆ ರಾಜಧಾನಿ ಮುಟ್ಟಿದರು. ನಿಷೇಧ ಸಿಗಲಿಲ್ಲ. ಆ ಹೆಣ್ಣುಮಕ್ಕಳ ಕೋಪ ಎಷ್ಟು ನ್ಯಾಯವಾದದ್ದೆಂದು ಕುಡುಕನಿರುವ ಮನೆಯಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. ಅಂಗಡಿ ಮುಚ್ಚಲಿ ಎಂಬ ಕೂಗಿಗೂ ಅಂಗಡಿ ತೆರೆದಿರುವಾಗಲೇ ಕುಡಿಯದೆ ಅದರ ಮುಂದೆ ಹಾದುಹೋಗುವುದನ್ನು ಕಲಿಸುವ ಕೂಟಕ್ಕೂ ವಿರೋಧವಿಲ್ಲ. ಆದರೆ ಮೊದಲನೆಯದು ಆಗುವವರೆಗೆ ಎರಡನೆಯದು ಕಾಯಬೇಕಾಗಿಲ್ಲ.

ಇಷ್ಟಕ್ಕೂ ಸಭೆಯಿಂದ ಗುಣವಾಗುತ್ತದೆಯೇ ಎಂಬ ಅನುಮಾನ ವೈದ್ಯರಲ್ಲೂ ಬಹುಕಾಲ ಇತ್ತು. 2020ರಲ್ಲಿ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಜನರ ವಿವರವನ್ನು ಒಟ್ಟಿಗೆ ತೂಗಿ ನೋಡಿತು. ಪೂರ್ತಿ ಬಿಟ್ಟು ಉಳಿಯುವ ವಿಷಯದಲ್ಲಿ, ಕ್ರಮವಾಗಿ ಈ ಕೂಟದ ಹಾದಿ ಹಿಡಿಸುವ ಚಿಕಿತ್ಸೆ ಇತರ ಮನೋಚಿಕಿತ್ಸೆಗಳಿಗಿಂತ ಮುಂದಿದೆ ಎಂದು ಕಂಡುಬಂತು. ಹಾಗೆಂದು ಸಭೆಯೇ ವೈದ್ಯನಲ್ಲ. ವರ್ಷಗಟ್ಟಲೆ ದಿನವೂ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ, ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡನೆಯ, ಮೂರನೆಯ ದಿನ ಮೈ ನಡುಗಿ, ಬೆವರಿ, ಇಲ್ಲದ್ದೆಲ್ಲ ಕಣ್ಣಿಗೆ ಕಾಣಬಹುದು. ಆಣೆ ಮಾಡಿ ಬಿಟ್ಟವನಿಗೆ ಗಾಳಿ ಮೆಟ್ಟಿಕೊಂಡಿತೆಂದು ಮಂತ್ರ ಹಾಕಿಸಿದ ಉದಾಹರಣೆ ನಮ್ಮೂರಿನಲ್ಲೇ ಇದೆ. ಅದು ಗಾಳಿಯಲ್ಲ, ಮದ್ಯಕ್ಕೆ ಒಗ್ಗಿದ ಮಿದುಳಿನ ತಳಮಳ; ಜೀವಕ್ಕೇ ಅಪಾಯವಾಗಬಹುದಾದ್ದರಿಂದ ಮೊದಲ ವಾರ ವೈದ್ಯರ ಕಣ್ಣಮುಂದೆ ಕಳೆಯುವುದು ಅಗತ್ಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ವೈದ್ಯರ ಕೆಲಸ ಮುಗಿದ ಮೇಲೆ ಸಭೆಯ ಕೆಲಸ ಶುರುವಾಗುತ್ತದೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೂ ಬಗೆಯ ಚಿಕಿತ್ಸೆ ಸಿಕ್ಕಿತ್ತು. ಹೆಂಗಸರಲ್ಲಿ ಕುಡಿಯುವವರ ಪಾಡು ಇನ್ನೂ ಕಷ್ಟ. ಗಂಡಸರೇ ತುಂಬಿದ ಸಭೆಗೆ ಅವರು ಬರುವುದಾದರೂ ಹೇಗೆ?

ಸಭೆಯನ್ನು ಹುಡುಕುವುದು ಹೇಗೆಂದು ಓದುಗರು ಕೇಳಬಹುದು. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಮನಸ್ಸಿನ ಆರೋಗ್ಯಕ್ಕೆಂದು 2022ರಲ್ಲಿ ಶುರುವಾದ ಟೆಲಿ ಮಾನಸ್ 14416, ಇದರಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಹತ್ತಿರದಲ್ಲಿ ಶಿಬಿರ ನಡೆದಿದ್ದರೆ ಅಲ್ಲಿಂದ ಹೊರಬಂದವರಲ್ಲಿ ಒಬ್ಬರನ್ನು ವಿಚಾರಿಸುವುದು ಅದಕ್ಕಿಂತ ಚುರುಕಾದ ದಾರಿ. ಬಿಟ್ಟವರು ಈ ವಿಷಯಕ್ಕೆ ಎಂದೂ ಬೇಸರಪಡುವುದಿಲ್ಲ. ಬಿಲ್ ಹೋಟೆಲಿನ ಪಡಸಾಲೆಯಿಂದ ಫೋನು ಮಾಡಿದಂತೆ, ಅವರಿಗೂ ಇನ್ನೊಬ್ಬ ಬೇಕು.

ಅಲ್ಲೂ ಸಿಗದಿದ್ದರೆ? ಅನಾಮಿಕರ ಕೂಟದ ಸಂಪ್ರದಾಯದ ಪ್ರಕಾರ ಕುಡಿತ ಬಿಡಬೇಕೆನ್ನುವ ಇಬ್ಬರೋ ಮೂವರೋ ಒಂದು ಕಡೆ ಕುಳಿತರೆ ಅದೇ ಒಂದು ಗುಂಪು. ಬೋರ್ಡು ಬೇಡ, ನೋಂದಣಿ ಬೇಡ. ನಮ್ಮ ಊರುಗಳಲ್ಲಿ ಭಾನುವಾರ ಬೀಗ ಹಾಕಿದ ಶಾಲೆಗಳಿವೆ, ಹಗಲು ಹೊತ್ತು ಖಾಲಿ ಬಿದ್ದ ಭಜನೆ ಮನೆಗಳಿವೆ. ನನ್ನ ಸೋದರಮಾವ ತೀರಿಕೊಂಡ ವರ್ಷವೇ ಅದೇ ಬೀದಿಯ ಇನ್ನೊಬ್ಬರು, ಅವನ ಜೊತೆ ಜಾತ್ರೆಗೆ ಹೋದವರಲ್ಲಿ ಒಬ್ಬರು, ಶಿಬಿರಕ್ಕೆ ಸೇರಿದರು. ಈಗ ಅವರು ವಾರಕ್ಕೊಮ್ಮೆ ಸಂಜೆ ಅರಳಿಕಟ್ಟೆಯ ಮೇಲೆ ಕೂರುತ್ತಾರೆ. ಕೆಲವು ವಾರ ನಾಲ್ಕು ಜನ ಬರುತ್ತಾರೆ, ಕೆಲವು ವಾರ ಯಾರೂ ಬರುವುದಿಲ್ಲ. ಬರದಿದ್ದ ದಿನವೂ ಅವರು ಒಂದು ಗಂಟೆ ಕಾದು, ಕತ್ತಲಾದ ಮೇಲೆ ಎದ್ದು ಮನೆಗೆ ಹೋಗುತ್ತಾರೆ.